ಪ್ರೀತಿ ಲಂಡನ್ನಿನದು, ಖಾತೆ ಯಾವ ಊರಿನದು?

ಮ್ಯಾಟ್ರಿಮೋನಿಯಲ್ಲೋ ಇನ್‌ಸ್ಟಾಗ್ರಾಮ್‌ನಲ್ಲೋ ಪರಿಚಯವಾದವರು ಹಣ ಕೇಳಿದರೆ ಮೊದಲು ಒಂದು ವಿಷಯ ನೋಡಿ. ಹಣ ಹೋಗುತ್ತಿರುವುದು ಯಾರ ಖಾತೆಗೆ? ಬ್ಯಾಂಕ್ ಕೌಂಟರ್‌ನಲ್ಲಿ ಕೆಲಸ ಮಾಡಿ ನಿವೃತ್ತಳಾದ ನಾನು ಎಲ್ಲರಿಗೂ ಹೇಳುವುದು ಇದನ್ನೇ. ಹೆಸರು, ಫೋಟೊ, ಕೆಲಸ ಎಲ್ಲದರಲ್ಲೂ ಸುಳ್ಳು ಹೇಳಬಹುದು. ಖಾತೆ ನಂಬರ್ ಮಾತ್ರ ನಿಜವಾದದ್ದನ್ನೇ ಕೊಡಬೇಕು, ಇಲ್ಲದಿದ್ದರೆ ಹಣ ಅವರ ಕೈಗೆ ಸೇರುವುದಿಲ್ಲ.

ಒಬ್ಬ ಶಿಕ್ಷಕಿ ಆರ್‌ಟಿಜಿಎಸ್ ಫಾರಂ, ಅಂದರೆ ಬೇರೆ ಬ್ಯಾಂಕಿನ ಖಾತೆಗೆ ದೊಡ್ಡ ಮೊತ್ತ ಕಳಿಸುವ ಫಾರಂ, ತುಂಬಿಕೊಂಡು ಬಂದಿದ್ದರು. ಲಂಡನ್ನಿನ ಡಾಕ್ಟರ್ ಉಡುಗೊರೆ ಕಳಿಸಿದ್ದಾರಂತೆ, ದೆಹಲಿ ಏರ್‌ಪೋರ್ಟ್‌ನಲ್ಲಿ ಕಸ್ಟಮ್ಸ್‌ನವರು ತಡೆದಿದ್ದಾರಂತೆ, ಇವತ್ತೇ ಸುಂಕ ಕಟ್ಟಬೇಕಂತೆ. ಫಾರಂ ನೋಡಿದೆ. ಯಾರೋ ಹೆಂಗಸಿನ ಉಳಿತಾಯ ಖಾತೆ. ಐಎಫ್‌ಎಸ್‌ಸಿ ಕೋಡ್‌ನಲ್ಲಿ ಒಟ್ಟು 11 ಅಕ್ಷರ, ಅಂಕಿ ಇರುತ್ತವೆ. ಮೊದಲ 4 ಬ್ಯಾಂಕಿನದು, ಆಮೇಲೊಂದು ಸೊನ್ನೆ, ಕೊನೆಯ 6 ಶಾಖೆಯದು. ಆ ಶಾಖೆ ದೆಹಲಿಯಲ್ಲೂ ಇರಲಿಲ್ಲ, ಬೇರೆ ರಾಜ್ಯದ ಒಂದು ಸಣ್ಣ ಊರು. "ಸರ್ಕಾರದ ಸುಂಕ ಇವರ ಖಾತೆಗೆ ಯಾಕೆ ಹೋಗಬೇಕು ಮೇಡಂ?" ಅಂದೆ. ಅವರು ಫಾರಂ ವಾಪಸ್ ತೆಗೆದುಕೊಂಡು, ತುಂಬ ಹೊತ್ತು ಬೆಂಚಿನ ಮೇಲೆ ಕೂತಿದ್ದರು.

ಯುಪಿಐನಲ್ಲಿ ಖಾತೆದಾರರ ಹೆಸರು ಕಾಣುತ್ತದೆ. ನೆಫ್ಟ್, ಆರ್‌ಟಿಜಿಎಸ್‌ಗೂ ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ಹೆಸರು ಬೇರೆ ಬಂದರೆ "ಅದು ನನ್ನ ಏಜೆಂಟ್" ಅನ್ನುತ್ತಾರೆ. ಅಲ್ಲಿಗೇ ನಿಲ್ಲಿಸಿ. ಅದು ಕಮಿಷನ್ ಆಸೆಗೆ ಯಾರೋ ಬಾಡಿಗೆಗೆ ಕೊಟ್ಟ ಖಾತೆ.

ಕೆಲವರು ನೇರವಾಗಿ ಹಣ ಕೇಳುವುದೇ ಇಲ್ಲ. ತಿಂಗಳುಗಟ್ಟಲೆ ಊಟ ಆಯ್ತಾ ಅಂತ ವಿಚಾರಿಸಿ, ಆಮೇಲೆ ಒಂದು ಟ್ರೇಡಿಂಗ್ ಆ್ಯಪ್ ತೋರಿಸುತ್ತಾರೆ. ಮೊದಲು ಸ್ವಲ್ಪ ಹಣ ವಾಪಸ್ ಬರುತ್ತದೆ, ನಂಬಿಕೆ ಹುಟ್ಟಲಿ ಅಂತ. ದೊಡ್ಡ ಮೊತ್ತ ಹಾಕಿದ ಮೇಲೆ, ತೆಗೆಯಬೇಕಾದರೆ ಮೊದಲು ತೆರಿಗೆ ಕಟ್ಟಿ ಅನ್ನುತ್ತಾರೆ. ವೀಡಿಯೊ ಕಾಲ್‌ನಲ್ಲಿ ಮುಖ ನೋಡಿದ್ದೇನೆ ಅನ್ನಬೇಡಿ, ಈಗ ಮುಖವನ್ನೂ ಕಂಪ್ಯೂಟರಿನಲ್ಲೇ ಬದಲಿಸುತ್ತಾರೆ.

ಹಣ ಹೋಗಿಬಿಟ್ಟಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಅವಸರ ಯಾಕೆ ಅಂದರೆ, ನಿಮ್ಮ ಹಣ ಒಂದು ಖಾತೆಯಲ್ಲಿ ನಿಲ್ಲುವುದಿಲ್ಲ. ಅಲ್ಲಿಂದ ಇನ್ನೊಂದಕ್ಕೆ, ಮತ್ತೊಂದಕ್ಕೆ, ಕೊನೆಗೆ ಎಟಿಎಂಗೆ. ದೂರು ಬಂದಾಗ ಯಾವ ಖಾತೆಯಲ್ಲಿ ಎಷ್ಟು ಉಳಿದಿದೆಯೋ ಅಷ್ಟನ್ನು ಬ್ಯಾಂಕ್‌ಗಳು ತಡೆಹಿಡಿಯಬಹುದು. ಯುಟಿಆರ್ ನಂಬರ್ (ಹಣ ಕಳಿಸಿದಾಗ ಬರುವ ವ್ಯವಹಾರದ ಸಂಖ್ಯೆ), ಮೊತ್ತ, ದಿನಾಂಕ, ಆ ಕಡೆಯ ಖಾತೆ ನಂಬರ್ ಕೈಯಲ್ಲಿರಲಿ. ನಿಮ್ಮ ಬ್ಯಾಂಕಿಗೂ ತಿಳಿಸಿ. ಸೈಬರ್‌ಕ್ರೈಂ ಡಾಟ್ ಜಿಓವಿ ಡಾಟ್ ಇನ್‌ನಲ್ಲೂ ದೂರು ಕೊಡಬಹುದು. ಕರ್ನಾಟಕದಲ್ಲಾದರೆ ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಗೆ ಹೋಗಿ. ಕೋಪ ಬಂತು ಅಂತ ಚಾಟ್ ಅಳಿಸಬೇಡಿ, ಅದೇ ಸಾಕ್ಷಿ. ದೂರು ಕೊಟ್ಟ ವಿಷಯ ಅವರಿಗೆ ಹೇಳಬೇಡಿ. ತಡೆಹಿಡಿದ ಹಣ ಬಿಡಿಸಲು ಕೋರ್ಟ್ ಆದೇಶ ಬೇಕಾಗಬಹುದು, ಹಾಗಾಗಿ ದೂರಿನ ಸಂಖ್ಯೆ ಜೋಪಾನ.

ಇಷ್ಟಾದ ಮೇಲೆ "ನಿಮ್ಮ ಹಣ ವಾಪಸ್ ಕೊಡಿಸುತ್ತೇವೆ, ಫೀಸ್ ಕೊಡಿ" ಅಂತ ಫೋನ್ ಬರುವುದೂ ಉಂಟು. ಅವರೂ ಕಳ್ಳರೇ.

ಖಾಸಗಿ ಫೋಟೊ ಹಿಡಿದು ಹೆದರಿಸಿದರೆ ಒಂದು ರೂಪಾಯಿಯೂ ಕೊಡಬೇಡಿ, ಕೊಟ್ಟರೆ ಇನ್ನೂ ಜಾಸ್ತಿ ಕೇಳುತ್ತಾರೆ. ಸ್ಟಾಪ್ ಎನ್‌ಸಿಐಐ ಅನ್ನುವ ತಾಣ ನಿಮ್ಮ ಫೋನಿನಲ್ಲೇ ಫೋಟೊಗೆ ಬೆರಳಚ್ಚಿನಂಥ ಒಂದು ಡಿಜಿಟಲ್ ಗುರುತು ತಯಾರಿಸುತ್ತದೆ, ಫೋಟೊ ಹೊರಗೆ ಹೋಗುವುದಿಲ್ಲ. ಅದರ ಜೊತೆ ಕೈಜೋಡಿಸಿರುವ ತಾಣಗಳು ಆ ಗುರುತು ಹಿಡಿದು ಫೋಟೊ ಹರಡದಂತೆ ತಡೆಯುತ್ತವೆ.

ಮನೆಯವರಿಗೆ ಒಂದು ಮಾತು. "ಅಷ್ಟೂ ಗೊತ್ತಾಗಲಿಲ್ವಾ?" ಅಂತ ಕೇಳಬೇಡಿ. ಅವರು ಹಣದ ಜೊತೆ ಒಬ್ಬ ಮನುಷ್ಯನನ್ನೂ ಕಳೆದುಕೊಂಡಿದ್ದಾರೆ. ಆ ಮನುಷ್ಯ ಇರಲೇ ಇಲ್ಲ ಅನ್ನುವುದು ಇನ್ನೂ ದೊಡ್ಡ ಸಂಕಟ. ನಿದ್ದೆ ಊಟ ಬಿಟ್ಟಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆಮೇಲೆ ಪಾಸ್‌ಬುಕ್ ತೆಗೆದು ಅವರ ಪಕ್ಕ ಕೂತು, ಹೋದ ಒಂದೊಂದು ಮೊತ್ತಕ್ಕೂ ಪೆನ್ನಿನಲ್ಲಿ ಗುರುತು ಹಾಕಿ. ದೂರಿಗೆ ಆ ಪಟ್ಟಿ ಬೇಕೇ ಬೇಕು, ಅದನ್ನು ಒಬ್ಬರೇ ಕೂತು ಮಾಡುವುದು ತುಂಬ ಕಷ್ಟ.