ಡಬಲ್ ಮಾರ್ಕರ್ ಮಂಡ್ಯದಲ್ಲೇ ಸರಿಬಂತು: ನನ್ನ ಅನುಭವ

ಡಬಲ್ ಮಾರ್ಕರ್ ಅಂದರೆ ಬಸಿರಿನ ಮೊದಲ ತಿಂಗಳುಗಳಲ್ಲಿ ಮಗುವಿಗೆ ಡೌನ್ ಸಿಂಡ್ರೋಮ್‌ನಂಥ ತೊಂದರೆಯ ಸಾಧ್ಯತೆ ಎಷ್ಟು ಅಂತ ಲೆಕ್ಕ ಹಾಕೋ ರಕ್ತಪರೀಕ್ಷೆ. ಮಂಡ್ಯದಲ್ಲಿ ರಕ್ತ ತೆಗೆದರೆ ಅದು ನೆಟ್ಟಗೆ ಬರಲ್ಲ, ಮೈಸೂರಿಗೇ ಕಳಿಸಿ ಅಂತಿದ್ದವರೇ ಈಗ ಹೇಗೆ ಮಾಡ್ತೀರಿ ಅಂತ ಫೋನ್ ಮಾಡ್ತಾರೆ. ಅದಕ್ಕೇ ಬರೆದಿಟ್ಟೆ. ತಾಯಿ ರಕ್ತದಲ್ಲಿ ಪ್ಯಾಪ್-ಎ, ಫ್ರೀ ಬೀಟಾ ಅನ್ನೋ ಎರಡು ಅಂಶ (ಮಾರ್ಕರ್) ಅಳೆದು, ಸ್ಕ್ಯಾನಿನಲ್ಲಿ ಮಗುವಿನ ಕುತ್ತಿಗೆ ಹಿಂದಿನ ನೀರಿನ ದಪ್ಪ, ಅಂದರೆ ಎನ್‌ಟಿ, ಜೊತೆಗೆ ಸೇರಿಸ್ತಾರೆ. ಹೆಚ್ಚಿನದು ಈ ಕೆಲಸದಲ್ಲಿರೋರಿಗೆ ಗೊತ್ತೇ ಇದೆ, ಬಿಡ್ತೀನಿ.

ಶುರುವಿನಲ್ಲಿ ಬೆಳಿಗ್ಗೆ ತೆಗೆದ ಟ್ಯೂಬನ್ನು ಹಾಗೇ ಡಬ್ಬಿಗಿಟ್ಟು ಸಂಜೆ ಲ್ಯಾಬಿಗೆ ಹೋಗೋ ಬಸ್ಸಿಗೆ ಹಾಕ್ತಿದ್ದೆವು. ಏಪ್ರಿಲ್-ಮೇ ಬಂತೆಂದರೆ ಹೈ ರಿಸ್ಕ್ ವರದಿ ಸಾಲುಸಾಲು. ಪ್ಯಾಪ್-ಎ ಸರಿಯಾಗೇ ಇರೋದು, ಫ್ರೀ ಬೀಟಾ ಮಾತ್ರ ಮೇಲೆ. ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯೋ ತಿಳಿ) ಬೇರೆ ಮಾಡದ ರಕ್ತ ಬಿಸಿಗೆ ಕೂತರೆ ಬಸಿರಿನ ಹಾರ್ಮೋನ್ ಎಚ್‌ಸಿಜಿ ಒಡೆದು ಫ್ರೀ ಬೀಟಾ ಆಗುತ್ತೆ, ಸಾಫ್ಟ್‌ವೇರ್ ಅದನ್ನೇ ಡೌನ್ ಸಿಂಡ್ರೋಮ್ ಕಡೆಗೆ ಲೆಕ್ಕ ಹಾಕುತ್ತೆ. ಮನೆಯವರು ಹದಿನೈದು ಸಾವಿರದ ಹತ್ತಿರ ಎನ್‌ಐಪಿಟಿಗೆ (ತಾಯಿ ರಕ್ತದಲ್ಲಿ ಮಗುವಿನ ಡಿಎನ್‌ಎ ನೋಡೋ ಪರೀಕ್ಷೆ) ಸುರಿದರೆ ಅದರಲ್ಲಿ ಲೋ ರಿಸ್ಕ್. ನಮ್ಮ ತಪ್ಪಿಗೆ ಅವರ ದುಡ್ಡು, ಎರಡು ವಾರದ ನಿದ್ದೆ.

ಅನುಮಾನ ತೀರಿಸಿಕೊಳ್ಳೋಕೆ, ಒಪ್ಪಿದ ಒಬ್ಬರ ರಕ್ತವನ್ನು ಎರಡು ಟ್ಯೂಬಿಗೆ ಹಾಕಿ ಒಂದರ ಸೀರಂ ತಡಮಾಡದೆ ಬೇರೆ ಮಾಡಿಸಿದೆ, ಇನ್ನೊಂದನ್ನು ಮೇ ತಿಂಗಳ ಸೆಕೆಯಲ್ಲಿ ಆರು ಗಂಟೆ ಮೇಜಿನ ಮೇಲೆ ಬಿಟ್ಟೆ. ಎರಡನೆಯದರಲ್ಲಿ ಫ್ರೀ ಬೀಟಾ ಏರಿತ್ತು. ಮಾರನೇ ವಾರವೇ ಟ್ಯೂಬನ್ನು ಜೋರಾಗಿ ತಿರುಗಿಸಿ ಸೀರಂ ಬೇರೆ ಮಾಡೋ ಎಂಟು ಟ್ಯೂಬಿನ ಸೆಂಟ್ರಿಫ್ಯೂಜ್ ತರಿಸಿದೆವು, ಹತ್ತು ಸಾವಿರದ ಆಸುಪಾಸು. ಈಗ ಜೆಲ್ ಟ್ಯೂಬಿಗೆ 4 ಮಿ.ಲೀ., ಅರ್ಧ ಗಂಟೆ ನೆಟ್ಟಗೆ ನಿಲ್ಲಿಸಿ ಹೆಪ್ಪುಗಟ್ಟಿಸೋದು, 3000 ಆರ್‌ಪಿಎಂನಲ್ಲಿ 10 ನಿಮಿಷ, ಸೀರಂ ಬೇರೆ ಕುಪ್ಪಿಗೆ, 2ರಿಂದ 8 ಡಿಗ್ರಿ. ಸೀರಂ ಕೆಂಪಾಗಿ ಬಂದರೆ ಎಸೆದು ಇನ್ನೊಮ್ಮೆ ತೆಗೀತೀವಿ. ಐಸ್ ಪ್ಯಾಕ್ ಜೋಡಿಸೋ ರೀತಿ ಮಾತ್ರ ನಮ್ಮದೇ, ಅದನ್ನಿಲ್ಲಿ ಬರೆಯಲ್ಲ. ಎನ್‌ಐಪಿಟಿ ಟ್ಯೂಬನ್ನು ಇದರ ಜೊತೆ ಇಡಬೇಡಿ, ಅದಕ್ಕೆ ತಣ್ಣಗಾಗಬಾರದು.

ರಕ್ತದ ಜೊತೆ ಕಳಿಸೋ ಫಾರಂನಲ್ಲೂ ಅಷ್ಟೇ ಕೆಡುತ್ತೆ. ಕೊನೆ ಮುಟ್ಟು ಯಾವಾಗ ಅಂದರೆ ‘ಯುಗಾದಿ ಆಗಿ ಎಂಟು ದಿನಕ್ಕೆ’ ಅಂತಾರೆ. ಸಿಆರ್‌ಎಲ್ (ಮಗುವಿನ ನೆತ್ತಿಯಿಂದ ಕುಂಡಿವರೆಗಿನ ಉದ್ದ) 45ರಿಂದ 84 ಮಿ.ಮೀ. ಒಳಗಿರೋ ಸ್ಕ್ಯಾನಿನ ಲೆಕ್ಕವನ್ನೇ ಬರೀತೀನಿ, ರಕ್ತವೂ ಅದೇ ದಿನ. ತೂಕ ಕೇಳಿ ಬರೆಯೋದಲ್ಲ, ಚಪ್ಪಲಿ ಬಿಡಿಸಿ ತೂಗಬೇಕು. ಮೈ ದಪ್ಪ ಇದ್ದರೆ ಮಾರ್ಕರ್ ತೆಳುವಾಗಿ ಕಾಣುತ್ತೆ. ಆಧಾರ್‌ನಲ್ಲಿ ಹುಟ್ಟಿದ ದಿನ ಜನವರಿ 1 ಅಂತಿದ್ದರೆ ನಂಬಲ್ಲ, ಅಮ್ಮನನ್ನೋ ಅತ್ತೆಯನ್ನೋ ಕೂರಿಸಿಕೊಂಡು ಕೇಳ್ತೀನಿ. ವಯಸ್ಸು ತಪ್ಪಿದರೆ ಲೆಕ್ಕವೇ ತಪ್ಪುತ್ತೆ: 25ರ ಹೆಣ್ಣಿಗೆ ವಯಸ್ಸಿನಿಂದಲೇ ಬರೋ ಡೌನ್ ಸಿಂಡ್ರೋಮ್ ರಿಸ್ಕ್ ಸಾವಿರದ ಇನ್ನೂರು-ಮುನ್ನೂರರಲ್ಲಿ ಒಂದು, 35ಕ್ಕೆ 350ರಲ್ಲಿ ಒಂದರ ಹತ್ತಿರ.

ವರದಿಯಲ್ಲಿ 1:250 ಅಂತ ಬಂದರೆ ಮಗುವಿಗೆ ಕಾಯಿಲೆ ಇದೆ ಅಂತಲೇ ಅಳೋಕೆ ಶುರು. ತಟ್ಟೆಯಲ್ಲಿ 249 ಹುರುಳಿಕಾಳು, ಒಂದೇ ಒಂದು ಅವರೆಕಾಳು ಹರಡಿ ಮುಂದಿಡ್ತೀನಿ. ‘ಹುಡುಕವ್ವ’ ಅಂತೀನಿ. ಬೆರಳಾಡಿಸ್ತಾ ಉಸಿರು ನಿಧಾನ ಆಗುತ್ತೆ. ಆಮೇಲೇ ಎನ್‌ಐಪಿಟಿ, ಆಮ್ನಿಯೋ (ಹೊಟ್ಟೆಗೆ ಸೂಜಿ ಹಾಕಿ ಮಗುವಿನ ಸುತ್ತಲ ನೀರು ತೆಗೆದು ನೋಡೋದು) ಮಾತು. ಎನ್‌ಟಿ 3.5 ಮಿ.ಮೀ. ಇದ್ದರೆ ಅಥವಾ ದಾಟಿದ್ದರೆ ಎನ್‌ಐಪಿಟಿಗೆ ದುಡ್ಡು ಹಾಕಿಸಲ್ಲ, ನೇರ ಫೀಟಲ್ ಮೆಡಿಸಿನ್‌ನವರ (ಹೊಟ್ಟೆಯೊಳಗಿನ ಮಗುವನ್ನು ನೋಡೋ ಡಾಕ್ಟರು) ಹತ್ತಿರ. ಸೂಜಿ ಹಾಕಿಸೋ ತಾಯಿ ಆರ್‌ಎಚ್ ನೆಗೆಟಿವ್ ಆಗಿದ್ದರೆ ಆಂಟಿ-ಡಿ ಇಂಜೆಕ್ಷನ್ (ಮಗುವಿನ ರಕ್ತದ ವಿರುದ್ಧ ತಾಯಿ ಮೈ ತಿರುಗದ ಹಾಗೆ ಕೊಡೋದು) ಮರೆಯೋ ಹಾಗಿಲ್ಲ.

ಗಂಡೋ ಹೆಣ್ಣೋ ಅಂತ ಕೇಳಿದವರಿಗೆ ಒಂದೇ ಮಾತು: ಯಾವ ಪರೀಕ್ಷೆಯಿಂದಲೂ ಹೇಳಲ್ಲ, ಭ್ರೂಣಲಿಂಗ ಪತ್ತೆ ನಿಷೇಧಿಸೋ 1994ರ ಕಾಯ್ದೆ ಇದೆ. 2023ರಲ್ಲಿ ನಮ್ಮ ಜಿಲ್ಲೆಯ ಆಲೆಮನೆಯಲ್ಲಿ ಸಿಕ್ಕ ಸ್ಕ್ಯಾನಿಂಗ್ ದಂಧೆಯನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ.

ಇನ್ನು ಸೋದರಮಾವನನ್ನೇ ಮದುವೆಯಾದವರು. ಎನ್‌ಐಪಿಟಿ ಮಾಡಿಸಿದರೆ ಎಲ್ಲಾ ಗೊತ್ತಾಗುತ್ತೆ ಅಂದುಕೊಂಡಿರ್ತಾರೆ. ಅದು ಮುಖ್ಯವಾಗಿ 21, 18, 13ನೇ ಕ್ರೋಮೋಸೋಮ್ ನೋಡೋದು, ಅಪ್ಪ-ಅಮ್ಮ ಇಬ್ಬರಿಂದಲೂ ಬರೋ ರಕ್ತದ ಕಾಯಿಲೆ ಥಲಸ್ಸೇಮಿಯಾ ಅದರಲ್ಲಿ ಕಾಣಲ್ಲ. ಇವರಿಗೆ ಇನ್ನೂರು-ಮುನ್ನೂರು ರೂಪಾಯಿಯ ಸಿಬಿಸಿಯೇ (ರಕ್ತಕಣಗಳ ಎಣಿಕೆ) ಮೊದಲು. ಕೆಂಪುಕಣದ ಗಾತ್ರ ಹೇಳೋ ಎಂಸಿವಿ 80ಕ್ಕಿಂತ, ಅದರೊಳಗಿನ ಹಿಮೋಗ್ಲೋಬಿನ್ ಹೇಳೋ ಎಂಸಿಎಚ್ 27ಕ್ಕಿಂತ ಕಡಿಮೆ ಇದ್ದರೆ ಎಚ್‌ಪಿಎಲ್‌ಸಿ, ಅಂದರೆ ಹಿಮೋಗ್ಲೋಬಿನ್ ಬಗೆಗಳನ್ನು ಬೇರೆ ಬೇರೆ ಅಳೆಯೋ ಪರೀಕ್ಷೆ. ಕಬ್ಬಿಣಾಂಶ ತೀರಾ ಕಡಿಮೆ ಇದ್ದರೆ ಅದರಲ್ಲಿ ನಾವು ನೋಡೋ ಹಿಮೋಗ್ಲೋಬಿನ್ ಎ2 ಇಳಿದು ಮೋಸ ಮಾಡುತ್ತೆ, ಮೈಯಲ್ಲಿ ಕಬ್ಬಿಣ ಎಷ್ಟಿದೆ ಅಂತ ಹೇಳೋ ಫೆರಿಟಿನ್ ಕೂಡ ನೋಡಿ. ಎ2 ಶೇ. 3.5 ದಾಟಿದ್ದರೆ ಗಂಡನ ರಕ್ತ ಅದೇ ವಾರ. ‘ನಂಗ್ಯಾಕೆ ಮೇಡಂ, ಬಸುರಿ ಅವಳಲ್ವಾ’ ಅಂತ ಎಳೆದಾಡ್ತಾರೆ, ಬಿಡಬೇಡಿ. ಇಬ್ಬರಲ್ಲೂ ಬಂದರೆ 11ನೇ ವಾರಕ್ಕೇ ಸಿವಿಎಸ್‌ಗೆ (ಮಾಸಿನ ಚೂರು ತೆಗೆದು ನೋಡೋದು) ಬರೆದುಕೊಡಬಹುದು. ಒಂದು ತಿಂಗಳು ಕಳೆದರೆ 16ನೇ ವಾರದ ಆಮ್ನಿಯೋವರೆಗೆ ಆ ತಾಯಿ ಕಾಯಬೇಕು.