ವಿಡಿಯೋದಲ್ಲಿ ಕಾಲು ಕಾಣಲ್ಲ: ನಾನು ಫೇಕೋ ಕಲಿತ ಬಗೆ

ಫೇಕೋ, ಅಂದರೆ ಕಣ್ಣಿನ ಪೊರೆಯನ್ನು ಅಲ್ಟ್ರಾಸೌಂಡಿನಿಂದ ಪುಡಿ ಮಾಡಿ ಹೀರಿ ತೆಗೆಯುವ ಆಪರೇಷನ್, ಕಲಿಯಬೇಕಾದರೆ ಆರು ತಿಂಗಳು ಊರು ಬಿಟ್ಟು ಹೋಗಲೇಬೇಕು ಎಂದು ಎಲ್ಲರೂ ಹೇಳಿದ್ದರು. ನಾನು ಹೋಗಲಿಲ್ಲ. ಬಾಗಲಕೋಟೆ ಜಿಲ್ಲೆಯ ತಾಲೂಕು ಊರಲ್ಲೇ ಕೂತು ಕಲಿತೆ. ಈಗ ನಾನು ಮಾಡುವ ಪೊರೆ ಆಪರೇಷನ್‌ಗಳಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಭಾಗ ಫೇಕೋ. ಪಿಸಿಆರ್, ಅಂದರೆ ಲೆನ್ಸ್ ಚೀಲದ ಹಿಂಭಾಗ ಹರಿಯುವುದು, ನೂರಕ್ಕೆ ಒಂದೋ ಎರಡೋ. ಮೊದಲು ನಕ್ಕವರಲ್ಲಿ ಇಬ್ಬರು ಈಗ ನನ್ನ ಆಪರೇಷನ್ ರೆಕಾರ್ಡಿಂಗ್ ಕೊಡಿ ಎಂದು ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಎಸ್‌ಐಸಿಎಸ್ (ಫೇಕೋ ಮಷಿನ್ ಇಲ್ಲದೆ, ಸಣ್ಣ ಗಾಯದಿಂದ ಪೊರೆಯನ್ನು ಇಡಿಯಾಗಿ ಹೊರತೆಗೆಯುವ ಆಪರೇಷನ್) ಕೈಗೆ ಹತ್ತಿದವರಿಗೆ ಮಾತ್ರ ಇದು. ಟನಲ್ (ಕಣ್ಣೊಳಗೆ ಹೋಗಲು ಕೊರೆಯುವ ದಾರಿ), ರೆಕ್ಸಿಸ್ (ಲೆನ್ಸ್ ಚೀಲದ ಮುಂಭಾಗವನ್ನು ದುಂಡಗೆ ಹರಿದು ತೆಗೆಯುವುದು) ಇಂಥವನ್ನು ಇದಕ್ಕಿಂತ ಬಿಡಿಸಿ ಹೇಳುತ್ತಾ ಕೂರುವುದಿಲ್ಲ.

ಹೋಗದೇ ಇದ್ದದ್ದಕ್ಕೆ ಕಾರಣ ದುಡ್ಡು. ಆಪರೇಷನ್ ಥಿಯೇಟರ್ (ಓಟಿ) ಕಟ್ಟಿದ ಸಾಲದ ಕಂತು ತಿಂಗಳಿಗೆ ನಲವತ್ತು ಸಾವಿರದ ಆಸುಪಾಸು ಇತ್ತು. ಆಸ್ಪತ್ರೆ ಬಾಗಿಲು ಹಾಕಿದರೆ ಅದನ್ನು ಯಾರು ಕಟ್ಟುತ್ತಾರೆ? ಕೋರ್ಸಿನ ಫೀಸು, ಊರಲ್ಲದ ಊರಲ್ಲಿ ರೂಮು, ನಿಂತು ಹೋಗುವ ಗಳಿಕೆ ಎಲ್ಲ ಸೇರಿಸಿದರೆ ಐದಾರು ಲಕ್ಷದ ಮಾತು. ವಿಡಿಯೋ ನೋಡಿ ಕಲಿತೇನು ಎಂದು ನನ್ನ ಸೀನಿಯರ್ ಒಬ್ಬರಿಗೆ ಫೋನಿನಲ್ಲಿ ಹೇಳಿದೆ. ‘ಅಲ್ಲೋ ಮಾರಾಯಾ, ಅಡಗಿ ವಿಡಿಯೋ ನೋಡಿದ್ರ ಹೊಟ್ಟಿ ತುಂಬ್ತದೇನು?’ ಅಂದರು.

ಮೊದಲ ಒಂದು ವರ್ಷ ಅವರ ಮಾತೇ ನಿಜವಾಗಿತ್ತು. ರಾತ್ರಿ ಊಟ ಆದಮೇಲೆ ದೊಡ್ಡ ದೊಡ್ಡವರ ಸರ್ಜರಿ ನೋಡುತ್ತಿದ್ದೆ. ನೋಡುವಾಗ ಎಲ್ಲ ಸಲೀಸು. ಬೆಳಿಗ್ಗೆ ಅಭ್ಯಾಸಕ್ಕೆಂದು ತಂದ ಆಡಿನ ಕಣ್ಣಿನ ಮುಂದೆ ಕೂತರೆ ಏನೂ ಬರುತ್ತಿರಲಿಲ್ಲ. ಆ ವಿಡಿಯೋಗಳಲ್ಲಿ ಇರುವುದೆಲ್ಲ ಒಳ್ಳೆ ಪ್ಯೂಪಿಲ್ (ಕಣ್ಣಿನ ಪಾಪೆ), ಒಳ್ಳೆ ರೆಡ್ ರಿಫ್ಲೆಕ್ಸ್ (ಕಣ್ಣೊಳಗಿಂದ ಮರಳುವ ಕೆಂಪು ಬೆಳಕು), ಮೆತ್ತಗಿನ ನ್ಯೂಕ್ಲಿಯಸ್ (ಲೆನ್ಸಿನ ನಡುವಿನ ಗಟ್ಟಿ ಭಾಗ). ತಡವರಿಸಿದ ಜಾಗವನ್ನೆಲ್ಲ ಕತ್ತರಿಸಿ ತೆಗೆದಿರುತ್ತಾರೆ. ಮೇಲೊಂದು ಸಿತಾರ್ ಸಂಗೀತ ಬೇರೆ. ಈ ಸಂಗೀತದ ವಿಷಯಕ್ಕೆ ಆಮೇಲೆ ಬರುತ್ತೇನೆ. ನನ್ನ ಸಿಟ್ಟೆಲ್ಲ ಅದರ ಮೇಲೇ ಇದೆ.

ಬೇರೆಯವರದ್ದು ಸಾಕು, ನನ್ನದನ್ನೇ ರೆಕಾರ್ಡ್ ಮಾಡಿ ನೋಡೋಣ ಎಂದು ಹೊರಟೆ. ಮೈಕ್ರೋಸ್ಕೋಪಿಗೆ ಕ್ಯಾಮೆರಾ ಕೂರಿಸಲು ಕಂಪನಿಯವರು ಹೇಳಿದ ರೇಟು ಎರಡೂವರೆ ಲಕ್ಷದ ಹತ್ತಿರ. ಬೆಳಕನ್ನು ಒಡೆದು ಕ್ಯಾಮೆರಾಕ್ಕೂ ಕೊಡುವ ಬೀಮ್ ಸ್ಪ್ಲಿಟರ್ ಬೇರೆ. ಕೈ ಮುಗಿದೆ. ಆನ್‌ಲೈನಿನಲ್ಲಿ ಮೈಕ್ರೋಸ್ಕೋಪಿಗೆ ಫೋನು ಕಟ್ಟುವ ಒಂದು ಪ್ಲಾಸ್ಟಿಕ್ ಅಡಾಪ್ಟರ್ ತರಿಸಿದೆ, ಎರಡು ಸಾವಿರ ಚಿಲ್ಲರೆ. ಫೋನಿನ ಭಾರಕ್ಕೆ ಅದು ಅರ್ಧ ಆಪರೇಷನ್ನಿಗೇ ಬಾಗುತ್ತಿತ್ತು. ವಿಡಿಯೋದಲ್ಲಿ ಮೊದಲ ಐದು ನಿಮಿಷ ಕಣ್ಣು, ಆಮೇಲೆ ಹೊದಿಸಿದ ಬಟ್ಟೆ (ಡ್ರೇಪ್). ಇನ್ನೊಂದು ತೊಂದರೆ, ಆಪರೇಷನ್ ಮಾಡುವ ಐಪೀಸಿಗೇ ಫೋನು ಕಟ್ಟಿದರೆ ನಮಗೆ ಉಳಿಯುವುದು ಒಂದೇ ಕಣ್ಣು. ಆಳ ತಿಳಿಯುವುದಿಲ್ಲ. ಆಡಿನ ಕಣ್ಣಿಗಾದರೆ ನಡೆಯುತ್ತೆ, ಮನುಷ್ಯರಿಗೆ ಬೇಡವೇ ಬೇಡ. ಕೊನೆಗೆ ಹುಬ್ಬಳ್ಳಿಯಿಂದ ಸೆಕೆಂಡ್ ಹ್ಯಾಂಡ್ ಅಸಿಸ್ಟೆಂಟ್ ಸ್ಕೋಪ್ (ಸಹಾಯಕರು ನೋಡುವ ಪಕ್ಕದ ಐಪೀಸು) ತಂದೆ, ಮೂವತ್ತು ಸಾವಿರದ ಒಳಗೆ. ನಮ್ಮೂರ ಲೇತ್ ಕೆಲಸದವನು ಅದಕ್ಕೆ ಫೋನು ಕೂರಿಸಲು ಒಂದು ಅಲ್ಯುಮಿನಿಯಂ ಬಳೆ ಮಾಡಿಕೊಟ್ಟ. ಎಂಟುನೂರು ತಗೊಂಡ. ಇವತ್ತಿಗೂ ಅಲ್ಲಾಡಿಲ್ಲ.

ಫೋನಿನ ಸೆಟ್ಟಿಂಗ್ ಬಗ್ಗೆ ಎರಡು ಮಾತು. ಎಕ್ಸ್‌ಪೋಷರ್ ಲಾಕ್ ಮಾಡದಿದ್ದರೆ ಸ್ಕ್ಲೀರಾ (ಕಣ್ಣಿನ ಬಿಳಿಭಾಗ) ಸುಣ್ಣದ ಗೋಡೆಯಾಗುತ್ತೆ, ರೆಕ್ಸಿಸ್ ಅಂಚು ಮಾಯ. ಫೋಕಸ್ಸನ್ನು ದೂರಕ್ಕೆ ಲಾಕ್ ಮಾಡಿ. ಸೆಕೆಂಡಿಗೆ 60 ಫ್ರೇಮ್ ಇಟ್ಟರೆ ನಿಧಾನ ಮಾಡಿ ನೋಡಲು ಸುಲಭ. ಏರೋಪ್ಲೇನ್ ಮೋಡ್ ಮರೆಯಬೇಡಿ. ಒಮ್ಮೆ ಹೈಡ್ರೋ (ನೀರು ಹಾಯಿಸಿ ಲೆನ್ಸ್ ಸಡಿಲಿಸುವುದು) ಮಾಡುವ ಹೊತ್ತಿಗೆ ಸಾಲ ಬೇಕೇ ಎಂದು ಬ್ಯಾಂಕಿನವರ ಫೋನ್ ಬಂತು, ರೆಕಾರ್ಡಿಂಗ್ ಅಲ್ಲಿಗೇ ನಿಂತಿತು.

ಈಗ ಆಡಿನ ಕಣ್ಣಿನ ಕಥೆ. ಮಟನ್ ಅಂಗಡಿಯವನಿಗೆ ಕೇಳಿದಾಗ, ‘ಕಣ್ಣು ತೆಗೆದ್ರ ತಲಿ ಯಾರ್ ತಗೋತಾರ್ರೀ ಡಾಕ್ಟ್ರ?’ ಅಂದ. ನ್ಯಾಯವೇ. ಜೋಡಿಗೆ ಮೂವತ್ತು ರೂಪಾಯಿಗೆ ಒಪ್ಪಿದ. ಭಾನುವಾರ ಮಾತ್ರ ಕೊಡಲ್ಲ, ಅವತ್ತು ತಲೆಗೆ ಗಿರಾಕಿ ಜಾಸ್ತಿ. ಬೆಳಿಗ್ಗೆ ಏಳಕ್ಕೆ ತಂದು ಹತ್ತರೊಳಗೆ ಮುಗಿಸಬೇಕು, ಇಲ್ಲದಿದ್ದರೆ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಮಸುಕಾಗುತ್ತೆ. ಅದರ ಮೇಲ್ಪದರವಾದ ಎಪಿಥೀಲಿಯಂ ಕೆರೆದರೆ ಇನ್ನೊಂದು ತಾಸು ಸಿಗುತ್ತೆ, ಅಷ್ಟೇ. ಥರ್ಮಾಕೋಲ್ ತಲೆಯಲ್ಲಿ ಗುಳಿ ಮಾಡಿ ಪಿನ್ನು ಚುಚ್ಚಿ ಕೂರಿಸುತ್ತಿದ್ದೆ. ಕಣ್ಣು ಮೆತ್ತಗಾಗಿದ್ದರೆ ಹಿಂದಿನಿಂದ ಸ್ವಲ್ಪ ಸಲೈನ್ ಕೊಡಬೇಕು.

ಆಡಿನ ಲೆನ್ಸು ಬೆಣ್ಣೆ. ಅದರ ಮೇಲೆ ಚಾಪ್ (ನ್ಯೂಕ್ಲಿಯಸ್ ಸೀಳುವುದು) ಕಲಿಯೋಕಾಗಲ್ಲ. ಫಾರ್ಮಲಿನ್ ಕೊಟ್ಟು ಗಟ್ಟಿ ಮಾಡುತ್ತಾರೆ, ಮೈಕ್ರೋವೇವಿನಲ್ಲಿ ಇಡುವವರೂ ಇದ್ದಾರೆ. ನಾನು ಎರಡನ್ನೂ ಮಾಡಿದೆ. ಮೈಕ್ರೋವೇವಿನಲ್ಲಿ ಒಂದು ಕಣ್ಣು ಪಟ್ ಎಂದು ಒಡೆದು, ಆ ಮೈಕ್ರೋವೇವ್ ಮತ್ತೆ ಅಡುಗೆಮನೆಗೆ ಹೋಗಲಿಲ್ಲ. ಮನೆಯಲ್ಲಿ ಹೊಸದು ಕೊಡಿಸಬೇಕಾಯಿತು, ಆರು ಸಾವಿರ. ಫಾರ್ಮಲಿನ್ನೇ ವಾಸಿ. ಎಷ್ಟು ಕೊಡಬೇಕು, ಎಷ್ಟು ಹೊತ್ತು ಬಿಡಬೇಕು ಎಂಬ ಅಳತೆ ಮಾತ್ರ ನನ್ನ ಹತ್ತಿರವೇ ಇರಲಿ. ನೀವೂ ನಾಲ್ಕು ಕಣ್ಣು ಕೆಡಿಸಿ, ಗೊತ್ತಾಗುತ್ತೆ.

ಇಷ್ಟೆಲ್ಲ ಆದರೂ ಫೇಕೋ ಬರಲಿಲ್ಲ. ಪ್ರೋಬ್ (ಮಷಿನ್ನಿನ ಕೈಹಿಡಿಯ ಸೂಜಿತುದಿ) ಒಳಗೆ ಹೋಗುತ್ತೆ, ಟ್ರೆಂಚ್ (ನ್ಯೂಕ್ಲಿಯಸ್ಸಿನಲ್ಲಿ ತೋಡುವ ಗಾಡಿ) ಶುರುವಾಗುತ್ತೆ, ಇದ್ದಕ್ಕಿದ್ದಂತೆ ಚೇಂಬರ್ (ಕಾರ್ನಿಯಾ ಹಿಂದಿನ ನೀರು ತುಂಬಿದ ಜಾಗ) ಕುಸಿಯುತ್ತೆ. ರೆಕಾರ್ಡಿಂಗ್ ಹಿಂದೆ ಮುಂದೆ ಮಾಡಿ ನೋಡಿದರೂ ಕೈಯಲ್ಲಿ ತಪ್ಪು ಕಾಣುತ್ತಿಲ್ಲ. ಸಲೈನ್ ಬಾಟಲಿ ಎತ್ತರ ಬದಲಿಸಿದೆ. ಟ್ಯೂಬಿಂಗ್ ಬದಲಿಸಿದೆ. ಮಷಿನ್ನೇ ಸರಿಯಿಲ್ಲ ಎಂದು ಸರ್ವಿಸ್‌ನವನನ್ನು ಕರೆಸಿದೆ, ಬಂದುಹೋಗುವ ಖರ್ಚೇ ಐದು ಸಾವಿರ. ಮಷಿನ್ ಚೆನ್ನಾಗೇ ಇದೆ ಅಂದ. ಕೊನೆಗೆ ಗುಟ್ಟು ಹಿಡಿದದ್ದು ನಮ್ಮ ಓಟಿ ಸಿಸ್ಟರ್. ‘ಸರ್, ಮಷಿನ್ ಸೌಂಡ್ ನಿಂತಾಗೆಲ್ಲಾ ಕಣ್ಣು ಕುಸೀತದ್ರೀ’ ಅಂದಳು.

ಅಲ್ಲಿಗೆ ಎಲ್ಲ ತೆರೆದುಕೊಂಡಿತು. ಮಷಿನ್ನಿನ ಕಾಲಿನ ಪೆಡಲ್ ಒಂದನೇ ಹಂತದಲ್ಲಿ ನೀರು, ಎರಡರಲ್ಲಿ ನೀರು ಮತ್ತು ಸಕ್ಷನ್, ಮೂರರಲ್ಲಿ ಅಲ್ಟ್ರಾಸೌಂಡ್. ಇದು ಯಾರಿಗೆ ಗೊತ್ತಿಲ್ಲ? ಆದರೆ ಎಸ್‌ಐಸಿಎಸ್ ಮಾಡಿದವರ ಕಾಲಿಗೆ ಕೆಲಸ ಕೊಟ್ಟು ಗೊತ್ತಿಲ್ಲ. ಗಾಬರಿಯಾದ ತಕ್ಷಣ ಕಾಲು ತಾನಾಗಿ ಪೂರ್ತಿ ಮೇಲೆ ಬರುತ್ತೆ. ಪೆಡಲ್ ಸೊನ್ನೆಗೆ ಬಂತು, ನೀರು ನಿಂತಿತು, ಪ್ರೋಬ್ ಇನ್ನೂ ಒಳಗೇ ಇದೆ, ಚೇಂಬರ್ ಕುಸಿಯಿತು. ಫೇಕೋದಲ್ಲಿ ಅರ್ಧ ಕೆಲಸ ಕಾಲಿನದು. ನಾನು ನೋಡಿದ ಒಂದು ವಿಡಿಯೋದಲ್ಲೂ ಕಾಲು ಇರಲಿಲ್ಲ. ಕಾಲು ಎಲ್ಲಿದೆ ಎಂದು ತಿಳಿಯಲು ಇರುವ ಒಂದೇ ಸುಳಿವು ಮಷಿನ್ನಿನ ಶಬ್ದ. ವ್ಯಾಕ್ಯೂಮ್ ಏರಿದಂತೆ ಸ್ವರ ಏರುತ್ತೆ, ಅಕ್ಲೂಷನ್ ಆದರೆ (ತುದಿ ಕಟ್ಟಿಕೊಂಡರೆ) ಬೇರೆ ಶಬ್ದ, ಅಲ್ಟ್ರಾಸೌಂಡಿಗೆ ಇನ್ನೊಂದು. ಅದರ ಮೇಲೆ ಸಿತಾರ್ ಹಾಕಿ ಮುಚ್ಚುತ್ತಾರೆ! ಅಂದಿನಿಂದ ಸಂಗೀತ ಇರುವ ಸರ್ಜರಿ ವಿಡಿಯೋ ನಾನು ತೆರೆಯುವುದಿಲ್ಲ, ಮಾಡಿದವರು ಯಾರೇ ಆಗಿರಲಿ.

ಮರುವಾರವೇ ಟೇಬಲ್ ಕೆಳಗೆ ಎರಡನೇ ಫೋನು ಬಂತು, ಪೆಡಲ್ ಕಡೆ ಮುಖ ಮಾಡಿ. ಅಲ್ಲಿಟ್ಟ ಮೊದಲ ಫೋನು ಎರಡನೇ ದಿನವೇ ಸಲೈನ್ ಸುರಿದು ಸತ್ತಿತು. ಅದರ ನಂತರದ್ದಕ್ಕೆ ಹಾಲಿನ ಪ್ಯಾಕೆಟ್ ಅಳತೆಯ ಪ್ಲಾಸ್ಟಿಕ್ ಚೀಲ. ಕೆಳಗೆ ಕತ್ತಲು, ಪೆಡಲ್ ಕಪ್ಪು, ಚಪ್ಪಲಿ ಕಪ್ಪು. ಪೆಡಲಿನ ಪಕ್ಕದಲ್ಲಿ ಬಿಳಿ ಪ್ಲಾಸ್ಟರ್ ಅಂಟಿಸಿ ಸೊನ್ನೆ, ಒಂದು, ಎರಡು, ಮೂರರ ಜಾಗಕ್ಕೆ ಗೆರೆ ಎಳೆದೆ. ನಾನೂರು ರೂಪಾಯಿಯ ಬ್ಯಾಟರಿ ಲೈಟ್ ಒಂದು. ರಾತ್ರಿ ಕಣ್ಣಿನ ವಿಡಿಯೋ ಎಡಕ್ಕೆ, ಕಾಲಿನದು ಬಲಕ್ಕೆ ಇಟ್ಟು ಎರಡನ್ನೂ ಒಟ್ಟಿಗೆ ಓಡಿಸುತ್ತಿದ್ದೆ. ಫ್ರೇಮಿಗೆ ಫ್ರೇಮ್ ಹೊಂದಬೇಕು. ಚಪ್ಪಾಳೆ ತಟ್ಟಿ ಹೊಂದಿಸಲು ಹೋದರೆ ಗ್ಲೋವ್ಸ್ ಹಾಕಿದ ಮೇಲೆ ಆಗಲ್ಲ, ಅಲ್ವಾ? ಅದಕ್ಕೆ ನನ್ನದೊಂದು ಉಪಾಯ ಇದೆ, ಇಲ್ಲಿ ಬಿಡಿಸುವುದಿಲ್ಲ.

ಜೋಡಿಸಿ ನೋಡಿದಾಗ ಕಂಡದ್ದು ಇಷ್ಟು. ಕೈ ಮುಂದೆ, ಕಾಲು ಹಿಂದೆ. ಪ್ರೋಬ್ ನ್ಯೂಕ್ಲಿಯಸ್ಸಿನಿಂದ ಹೊರಬಂದು ಸುಮಾರು ಅರ್ಧ ಸೆಕೆಂಡ್ ಆದಮೇಲೂ ಕಾಲು ಮೂರರಲ್ಲೇ ಇರುತ್ತಿತ್ತು. ಮನುಷ್ಯರ ಕಣ್ಣಿನಲ್ಲಿ ಆ ಅರ್ಧ ಸೆಕೆಂಡಿಗೇ ಪಿಸಿ, ಅದೇ ಚೀಲದ ಹಿಂಭಾಗ, ಹರಿಯೋದು. ಇದನ್ನು ಯಾವ ಗುರುವೂ ಪಕ್ಕದಲ್ಲಿ ನಿಂತು ನನಗೆ ತೋರಿಸಲು ಆಗುತ್ತಿರಲಿಲ್ಲ, ಅವರ ಕಣ್ಣೂ ಸ್ಕೋಪಿನಲ್ಲೇ ಇರುತ್ತೆ. ಎರಡು ತಿಂಗಳಲ್ಲಿ ಕಾಲು ದಾರಿಗೆ ಬಂತು.

ನಡುವೆ ಕಾಲನ್ನು ಬೇರೆಯಾಗಿ ಪಳಗಿಸೋಣ ಎಂದು ಹೆಂಡತಿಯ ಹೊಲಿಗೆ ಮಷಿನ್ನಿನ ಮೋಟಾರ್ ಪೆಡಲ್ ಒತ್ತಿ ನೋಡಿದೆ. ದಂಡ. ಅದರಲ್ಲಿ ಹಂತವೇ ಇಲ್ಲ. ರೆಕ್ಸಿಸ್‌ಗೆ ಅಭ್ಯಾಸಕ್ಕೆಂದು ಟೊಮೆಟೊ ಸಿಪ್ಪೆ, ಚಾಕೊಲೇಟ್ ಫಾಯಿಲ್, ಈರುಳ್ಳಿ ಒಳಪೊರೆ ಮೂರೂ ಆಯಿತು. ಈರುಳ್ಳಿ ಪೊರೆ ನೇರವಾಗಿ ಹರಿಯುತ್ತೆ, ದುಂಡಗೆ ತಿರುಗಲ್ಲ. ಫಾಯಿಲ್ ಪರವಾಗಿಲ್ಲ. ಓಡಿಹೋಗುವ ರೆಕ್ಸಿಸ್ಸನ್ನು ಹಿಂದಕ್ಕೆ ಎಳೆದು ತರುವ ಕಣ್ಣಿನ ಸರ್ಜನ್ ಬ್ರಯನ್ ಲಿಟಲ್ ಅವರ ವಿಧಾನ ಇದೆಯಲ್ಲ, 2006ರಲ್ಲಿ ಬಂದದ್ದು, ಅದನ್ನು ಮಾತ್ರ ಆಡಿನ ಕಣ್ಣಿನಲ್ಲೇ ಕಲಿಯಬೇಕು. ಓದಿದರೆ ಅರ್ಥವಾಗಲ್ಲ. ಎಳೆಯುವ ದಿಕ್ಕನ್ನು ನಾಲ್ಕರಲ್ಲೊಂದು ವೇಗದಲ್ಲಿ ಹತ್ತು ಸಲ ನೋಡಿದ ಮೇಲೆ ನನಗೆ ಹೊಳೆಯಿತು.

ರೋಗಿಗಳ ಮೇಲೆ ನಾನು ಒಮ್ಮೆಗೇ ಇಳಿಯಲಿಲ್ಲ. ಮೊದಲು ಎಸ್‌ಐಸಿಎಸ್ ಕೇಸುಗಳಲ್ಲೇ ಕ್ಯಾನ್ ಓಪನರ್ (ಸುತ್ತಲೂ ಚುಚ್ಚಿ ಚೀಲ ತೆರೆಯುವ ರೀತಿ) ಬಿಟ್ಟು ರೆಕ್ಸಿಸ್. ಆಮೇಲೆ ನ್ಯೂಕ್ಲಿಯಸ್ ಹೊರಗೆ ಬಂದ ಮೇಲೆ ಸೈಡ್ ಪೋರ್ಟ್‌ಗಳಿಂದ (ಪಕ್ಕದ ಸಣ್ಣ ತೂತುಗಳಿಂದ) ಮಷಿನ್ನಿನ ಬೈಮ್ಯಾನುಯಲ್ ಐಎ, ಅಂದರೆ ಒಂದು ಕೈಯಲ್ಲಿ ನೀರು ಬಿಡುತ್ತಾ ಇನ್ನೊಂದರಲ್ಲಿ ಉಳಿದದ್ದನ್ನು ಹೀರುವುದು. ಅಲ್ಲಿ ಪೆಡಲ್ ಒಂದು, ಎರಡು ಮಾತ್ರ, ಮೂರಿಲ್ಲ. ಕಾಲಿಗೆ ಇದಕ್ಕಿಂತ ಒಳ್ಳೆ ಶಾಲೆ ಇಲ್ಲ. ಅದು ಹಿಡಿತಕ್ಕೆ ಬಂದ ಮೇಲೆ ಹುಬ್ಬಳ್ಳಿಯ ನನ್ನ ಕ್ಲಾಸ್‌ಮೇಟ್, ಫೇಕೋದಲ್ಲಿ ಪಳಗಿದವನು, ಕೆಲವು ಶನಿವಾರ ಬಂದು ಪಕ್ಕದಲ್ಲಿ ಕೂತ. ಕಾರಿನ ಪೆಟ್ರೋಲು, ಊಟ, ಒಂದು ಇಳಕಲ್ ಸೀರೆ, ಇಷ್ಟೇ ಅವನ ಫೀಸು. ಗ್ರೇಡ್ ಎರಡರ, ಅಂದರೆ ತೀರಾ ಗಟ್ಟಿಯಲ್ಲದ, ನ್ಯೂಕ್ಲಿಯಸ್, ಚೆನ್ನಾಗಿ ಅರಳಿದ ಪ್ಯೂಪಿಲ್ ಮಾತ್ರ ತಗೊಂಡೆವು. ಏನಾದರೂ ಎಡವಟ್ಟಾದರೆ ಟನಲ್ ದೊಡ್ಡದು ಮಾಡಿ ಎಸ್‌ಐಸಿಎಸ್‌ಗೆ ತಿರುಗುವುದು. ಆರಂಭದಲ್ಲಿ ಐದಾರು ಸಲ ಹಾಗೆ ತಿರುಗಿದ್ದೇವೆ. ನಮಗಿರುವ ದೊಡ್ಡ ಅನುಕೂಲವೇ ಅದು. ನೇರ ಫೇಕೋ ಕಲಿತು ಬಂದ ಹುಡುಗರಿಗೆ ಈ ಹಿಂದಿನ ಬಾಗಿಲು ಗೊತ್ತಿರಲ್ಲ.

ಆಮೇಲಾಮೇಲೆ ಅವನು ಬರುವುದು ನಿಂತು ವಿಡಿಯೋ ಹೋಗುವುದು ಶುರುವಾಯಿತು. ವಾಟ್ಸ್‌ಆ್ಯಪಿನಲ್ಲಿ ಸುಮ್ನೆ ಕಳಿಸಿದರೆ ಅದು ಹಿಂಡಿ ಹಿಪ್ಪೆ ಮಾಡುತ್ತೆ, ಕ್ಯಾಪ್ಸೂಲ್ (ಲೆನ್ಸ್ ಚೀಲ) ಅಂಚು ಕಾಣಲ್ಲ. ಡಾಕ್ಯುಮೆಂಟ್ ಎಂದು ಕಳಿಸಬೇಕು. ಇಡೀ ಆಪರೇಷನ್ ಯಾರಿಗೂ ಕಳಿಸಬೇಡಿ, ಯಾರೂ ನೋಡಲ್ಲ. ಮನಸ್ಸಿಗೆ ಕಸಿವಿಸಿಯಾದ ಒಂದು ನಿಮಿಷ ಕಳಿಸಿ, ಜೊತೆಗೆ ಒಂದೇ ಪ್ರಶ್ನೆ ಕೇಳಿ.

ಶಬ್ದ ಬೇಕು ಎಂದಿದ್ದರಿಂದ ಹೊಸ ತಲೆನೋವೊಂದು ಬಂತು. ಕಣ್ಣು ನೋಡಿ ಯಾರದೆಂದು ಹೇಳೋಕಾಗಲ್ಲ, ಆದರೆ ಓಟಿಯಲ್ಲಿ ಹೆಸರು ಹಿಡಿದು ಮಾತಾಡುತ್ತೇವಲ್ಲ. ಈಗ ಹೆಸರು, ಯಾವ ಕಣ್ಣು, ಲೆನ್ಸ್ ಪವರ್ ಎಲ್ಲ ಸರಿನೋಡಿ ಮುಗಿದ ಮೇಲೇ ರೆಕಾರ್ಡಿಂಗ್ ಒತ್ತುವುದು. ಆಮೇಲೆ ಬರೀ ಅಜ್ಜ, ಅಜ್ಜಿ. ರೆಕಾರ್ಡಿಂಗಿಗೆ ಕನ್ನಡದಲ್ಲೇ ಬೇರೆ ಒಪ್ಪಿಗೆ ಪತ್ರ ಇದೆ. ಬೇಡ ಅಂದವರದ್ದು ಇಲ್ಲ. ಸಿಸ್ಟರ್‌ಗಳು ಧಾರಾವಾಹಿ ಕಥೆ ಹೇಳುವುದನ್ನೂ ಬಿಟ್ಟಿದ್ದಾರೆ. ಓಟಿ ಇಷ್ಟು ತಣ್ಣಗೆ ಯಾವತ್ತೂ ಇರಲಿಲ್ಲ.

ಒಟ್ಟು ಲೆಕ್ಕ ಹೇಳುವುದಾದರೆ, ಹಳೇ ಫೇಕೋ ಮಷಿನ್ ನಾಲ್ಕು ಲಕ್ಷದ ಮೇಲೆ. ಅದು ಹೇಗಿದ್ದರೂ ಬೇಕಿತ್ತು. ಕಲಿಕೆಗೆಂದೇ ಹೋದದ್ದು ಸ್ಕೋಪು, ಫೋನು, ಕಣ್ಣು, ಹಾಳಾದ ಪ್ರೋಬ್ ತುದಿ, ಹಾರ್ಡ್ ಡಿಸ್ಕು, ಮೈಕ್ರೋವೇವು ಎಲ್ಲ ಸೇರಿ ಒಂದು ಲಕ್ಷದೊಳಗೆ. ಆಸ್ಪತ್ರೆ ಒಂದು ದಿನವೂ ಮುಚ್ಚಲಿಲ್ಲ.

ನಮ್ಮ ಕಡೆ ರೋಗಿಗಳು ಡಾಕ್ಟರನ್ನು ಅಳೆಯುವುದು ವೇಗದಲ್ಲಿ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಒಂದೇ ದಿನ 833 ಪೊರೆ ಆಪರೇಷನ್ ಮಾಡಿದ್ದು ಗಿನ್ನೆಸ್ ಪುಸ್ತಕಕ್ಕೆ ಹೋಗಿದೆ. ಅವರ ಕ್ಯಾಂಪಿನಲ್ಲಿ ಕಣ್ಣು ಮಾಡಿಸಿಕೊಂಡವರ ಮಕ್ಕಳು ಈಗ ನನ್ನ ಮುಂದೆ ಕೂತು, ‘ಭಾಳ ಹೊತ್ತ ಹಿಡೀತದೇನ್ರೀ?’ ಅಂತಾರೆ. ಇಪ್ಪತ್ತು ನಿಮಿಷ ಅಂದರೆ ಮುಖ ಸಣ್ಣದು ಮಾಡುತ್ತಾರೆ. ಮೊದಲು ಮುಕ್ಕಾಲು ಗಂಟೆ ಆಗುತ್ತಿತ್ತು ಎಂದು ನಾನು ಹೇಳಲ್ಲ. ಕಂದು ಬಣ್ಣದ ಗಟ್ಟಿ ಪೊರೆಗೆ ಈಗಲೂ ಎಸ್‌ಐಸಿಎಸ್ಸೇ ಮಾಡುತ್ತೇನೆ, ಅದರಲ್ಲಿ ನಾಚಿಕೆ ಏನಿಲ್ಲ. ಕಾರ್ನಿಯಾ ಉಳಿಯೋದು ಮುಖ್ಯ.

ಸದ್ಯ ಎರಡೂ ಐಪೀಸಿನಿಂದ ಹಿಡಿದು ಆಳ ಕಾಣುವ ವಿಡಿಯೋ ಮಾಡಲು ಒದ್ದಾಡುತ್ತಿದ್ದೇನೆ, ಆಡಿನ ಕಣ್ಣಿನ ಮೇಲೆ ಮಾತ್ರ. ಎರಡು ಫೋನಿನ ಬಣ್ಣ ಹೊಂದುತ್ತಿಲ್ಲ, ನೋಡಿದರೆ ತಲೆ ಸುತ್ತುತ್ತೆ. ಒಂದೇ ಮಾಡೆಲ್ಲಿನ ಎರಡು ಹಳೇ ಫೋನು ಯಾರ ಹತ್ತಿರವಾದರೂ ಇದ್ದರೆ ಹೇಳಿ, ಐದು ಸಾವಿರದ ಒಳಗಾದರೆ ನಾನೇ ತಗೋತೀನಿ. ಕಾಲಿನ ವಿಡಿಯೋ ನೋಡಬೇಕೆಂದವರು ಶನಿವಾರ ಬನ್ನಿ. ಆಡಿನ ಕಣ್ಣು ನೀವೇ ತರಬೇಕು, ನಮ್ಮ ಮಟನ್ ಅಂಗಡಿಯವನು ಈಗ ಜೋಡಿಗೆ ಐವತ್ತು ಮಾಡಿದ್ದಾನೆ.