ವಾರ್ಡಿನ ಪ್ಲಾಸ್ಟಿಕ್ ಎಲ್ಲಿ ತಪ್ಪಿಸಿಕೊಳ್ಳುತ್ತದೆ? ನಾನು ಲೆಕ್ಕ ಹಾಕಿದ ಬಗೆ

ಗಂಗಾವತಿಯ ಒಂದು ವಾರ್ಡಿನಿಂದ ಎಷ್ಟು ಪ್ಲಾಸ್ಟಿಕ್ ಹಳ್ಳ ಸೇರುತ್ತದೆ ಎಂದು ಅಂದಾಜು ಮಾಡಲು ಹೊರಟಾಗ ಒಬ್ಬರು ಹೇಳಿದರು: "ಒಟ್ಟು ಕಸದಾಗ ಟಿಪ್ಪರ್ ಒಯ್ದದ್ದು ಕಳೀರಿ, ಮುಗೀತು." ಅಷ್ಟು ಸುಲಭವಿಲ್ಲ. ಉಳಿದದ್ದರಲ್ಲಿ ಗುಜರಿಗೆ ಹೋಗುವುದಿದೆ, ಬೆಂಕಿಗೆ ಬೀಳುವುದಿದೆ. ಟಿಪ್ಪರ್‌ನಿಂದಲೂ ದಾರಿಯುದ್ದಕ್ಕೂ ಹಾರುತ್ತದೆ.

ಬೇರೆ ಬೇರೆ ಓಣಿಗಳ ಮನೆಗಳಿಗೆ ಚೀಲ ಕೊಟ್ಟು ದಿನದ ಕಸ ಪಡೆದೆ. ಮೊದಲ ದಿನದ್ದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಅದರಲ್ಲಿ ಹಳೆ ಕಸವೂ ಸೇರಿರುತ್ತದೆ ಅಲ್ವಾ. ಬಾಟಲಿ, ಹಾಲಿನ ಪಾಕೀಟು, ಕ್ಯಾರಿಬ್ಯಾಗ್, ಶಾಂಪೂ ಸ್ಯಾಶೆ ಬೇರೆ ಮಾಡಿ, ತೊಳೆದು, ಒಣಗಿಸಿ ತೂಗಿದೆ. ಹಾಗೇ ತೂಗಿದರೆ ಪ್ಲಾಸ್ಟಿಕ್ ಜೊತೆ ಸಾರು, ಮಣ್ಣೂ ತೂಗುತ್ತವೆ.

ಎಲ್ಲದಕ್ಕೂ "ಇಷ್ಟು ಪಾಲು ಸೋರುತ್ತದೆ" ಎಂದು ಒಂದೇ ಅಂಕಿ ಹಾಕಬಾರದು. ಬಾಟಲಿ ತೂಕ ಜಾಸ್ತಿ, ಆದರೆ ಗುಜರಿಯಲ್ಲಿ ಅದಕ್ಕೆ ಕಾಸಿದೆ, ಯಾರಾದರೂ ಆಯ್ದುಕೊಳ್ಳುತ್ತಾರೆ. ಗುಟ್ಕಾ ಪಾಕೀಟು ತಕ್ಕಡಿಗೆ ಸಿಗುವುದೇ ಇಲ್ಲ, ಚರಂಡಿ ತುಂಬ ಅದೇ. ಮನೆಯ ಚೀಲಕ್ಕೂ ಅದು ಬರುವುದಿಲ್ಲ, ಬೀದಿಯಲ್ಲೇ ಬೀಳುತ್ತದೆ. ಅದಕ್ಕೇ ಪಾನ್ ಅಂಗಡಿ, ಬಸ್ ನಿಲ್ದಾಣದ ಸುತ್ತ ಬೇರೆಯಾಗಿ ಆಯ್ದು ಎಣಿಸಬೇಕಾಯಿತು.

ಸುಡುವುದನ್ನು ಕೇಳಿ ತಿಳಿಯುವುದು ಕಷ್ಟ ಅಂದುಕೊಂಡಿದ್ದೆ. "ನಾವೇ ಹಚ್ತೀವಿ ಬಿಡ್ರಿ, ಸೊಳ್ಳಿ ಹೋಗ್ತಾವ" ಎಂದು ಅಜ್ಜಿಯೊಬ್ಬರು ನಕ್ಕೇ ಬಿಟ್ಟರು. 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 5.2 ಕೋಟಿ ಟನ್ ಪ್ಲಾಸ್ಟಿಕ್ ಕಸ ವಿಲೇವಾರಿಯ ಕೈತಪ್ಪಿ ಪರಿಸರಕ್ಕೆ ಸೇರುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಯಲಲ್ಲಿ ಸುಟ್ಟದ್ದು. ಸಮುದ್ರಕ್ಕೆ ಎಷ್ಟು ಪ್ಲಾಸ್ಟಿಕ್ ಸೇರುತ್ತದೆ ಎಂಬ 2015ರ ಹೆಸರಾಂತ ಲೆಕ್ಕ ಕಡಲತೀರದಿಂದ 50 ಕಿಲೋಮೀಟರ್ ಒಳಗಿನ ಜನರನ್ನಷ್ಟೇ ಹಿಡಿದಿತ್ತು. ಹಾಗೆ ನೋಡಿದರೆ ಗಂಗಾವತಿ ಲೆಕ್ಕಕ್ಕೇ ಇಲ್ಲ! ಆದರೆ ನಮ್ಮ ತುಂಗಭದ್ರೆಯ ನೀರು ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೇ ಹೋಗುತ್ತದೆ.

ಅಂದಾಜು ಸರಿಯೋ ನೋಡಲು ಚರಂಡಿ ಹಳ್ಳಕ್ಕೆ ಸೇರುವ ಕಡೆ ಬಲೆ ಕಟ್ಟಿದೆ. ಬೇಸಿಗೆಯಲ್ಲಿ ಬಲೆಗೆ ಬಿದ್ದದ್ದು ಅಷ್ಟಕ್ಕಷ್ಟೆ. ಮೊದಲ ಜೋರು ಮಳೆಗೆ ತಿಂಗಳುಗಟ್ಟಲೆ ನಿಂತ ಕಸವೆಲ್ಲ ಒಟ್ಟಿಗೆ ಬಂತು. ಒಂದು ದಿನದ ತೂಕವನ್ನು ಸುಮ್ನೆ 365ರಿಂದ ಗುಣಿಸಿದರೆ ಉತ್ತರ ಎಲ್ಲೋ ಹೋಗುತ್ತದೆ. ಹಾಗಾಗಿ ಒಣ ದಿನ, ಮಳೆ ದಿನ ಬೇರೆ ಬೇರೆ ಹಿಡಿದೆ.

ವಾರ್ಡಿನವರು ಒಂದೇ ಅಂಕಿ ಕೇಳಿದರು. ನಾನು ಎರಡು ಕೊಟ್ಟೆ, ಕಡಿಮೆ ಅಂದರೆ ಇಷ್ಟು, ಹೆಚ್ಚು ಅಂದರೆ ಇಷ್ಟು ಅಂತ. ಸುಟ್ಟದ್ದನ್ನು ಬೇರೆ ಸಾಲಿನಲ್ಲಿ ಬರೆದೆ.